ಬಾಚಣಿಗೆ ತರಿಸುವ ಅತ್ತಿಗೆ

ಗಾಂಜಾ ಇಟ್ಟುಕೊಂಡವರನ್ನು ಜೈಲಿಗೆ ಹಾಕಬೇಕೋ ಬೇಡವೋ ಎಂಬ ಚರ್ಚೆಯನ್ನು ನಡೆಸಿಕೊಡಲು ವೇದಿಕೆ ಹತ್ತಿದ ಮನುಷ್ಯ, ಬಾಯಿ ತೆರೆಯುವ ಮುಂಚೆಯೇ ತನ್ನ ಜೇಬಿನಿಂದ ಒಂದು ಪೊಟ್ಟಣ ಒಣಸೊಪ್ಪನ್ನು ಸಭೆಯ ಮುಂದೆ ಚೆಲ್ಲಬಾರದು. ನಾನು ಚೆಲ್ಲಿದೆ.

ನನಗೆ ನೆಗಡಿಯಾಗಿತ್ತು. ಕರ್ಚೀಫು ಎಳೆದೆ. ಬೆಳಿಗ್ಗೆ ನನ್ನ ಹೆಂಡತಿ "ಬಿಸಿನೀರಿಗೆ ಹಾಕ್ಕೊಂಡು ಕುಡೀರಿ, ಗಂಟಲು ಬಿಟ್ಕೊಳ್ಳುತ್ತೆ" ಎಂದು ಅದೇ ಜೇಬಿಗೆ ತುರುಕಿದ್ದ ಕಾಗದದ ಪೊಟ್ಟಣವೂ ಜೊತೆಗೆ ಬಂತು. ಮೈಕಿನ ಕಂಬಕ್ಕೆ ಬಡಿದು ಒಡೆಯಿತು. ಹಸಿರೂ ಅಲ್ಲದ ಕಂದೂ ಅಲ್ಲದ ಪುಡಿ ಎಲೆ ಮೇಜಿನ ಬಿಳಿ ಬಟ್ಟೆಯ ಮೇಲೆ, ನನ್ನ ನೀರಿನ ಲೋಟದಲ್ಲಿ, ಮತ್ತು ಮೊದಲ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ ಪೊಲೀಸ್ ಇನ್ಸ್‌ಪೆಕ್ಟರರ ಬೂಟಿನ ಮೇಲೆ ಯಾವ ಪಕ್ಷಪಾತವೂ ಇಲ್ಲದೆ ಹರಡಿತು.

ಸಭಾಂಗಣದ ಕತ್ತುಗಳೆಲ್ಲ ಮುಂದಕ್ಕೆ ಚಾಚಿದವು. ಆಮೇಲೆ ಹಿಂದಿನಿಂದ ಒಂದು ದನಿ: "ಸ್ಯಾಂಪಲ್ಲು ಹಿಂದಿನ ಸಾಲಿಗೂ ಕಳಿಸ್ರೀ ಸಾರ್!"

"ಇದು... ಇದು ನನ್ನ ಹೆಂಡತಿ ಕೊಟ್ಟದ್ದು" ಎಂದೆ ಮೈಕಿನಲ್ಲೇ. ಇನ್ಸ್‌ಪೆಕ್ಟರರು ತಲೆ ತಿರುಗಿಸಿ ಮೂರನೇ ಸಾಲಿನಲ್ಲಿದ್ದ ನನ್ನ ಹೆಂಡತಿಯನ್ನು ನೋಡಿದರು. ಅವಳು ನನ್ನನ್ನು ನೋಡಿದಳು. ಆ ನೋಟಕ್ಕೆ ಯಾವ ಕೋರ್ಟಿನಲ್ಲೂ ಜಾಮೀನು ಸಿಗುವುದಿಲ್ಲ.

ಆಗ ಅವಳ ಪಕ್ಕದಿಂದ ಅತ್ತಿಗೆ ಎದ್ದರು. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದರು. ಕಾಲಲ್ಲಿ ಇನ್ನೂ ಆಸ್ಪತ್ರೆಯ ಬಿಳಿ ಶೂ. ವೇದಿಕೆಗೆ ಬಂದು, ಮೇಜಿನ ಮೇಲಿಂದ ಒಂದು ಚಿಟಿಕೆ ತೆಗೆದುಕೊಂಡು, ಬೆರಳಲ್ಲಿ ಹೊಸಕಿ ಮೂಸಿ, ಮೈಕಿನತ್ತ ಬಗ್ಗಿದರು. "ಪುದೀನ. ಹಳೇದು. ಗಂಟಲಿಗೂ ಪ್ರಯೋಜನ ಇಲ್ಲ" ಎಂದು ವರದಿ ಒಪ್ಪಿಸಿ, ಬಂದ ಹಾಗೇ ಹೋಗಿ ಕೂತರು. ಸಭೆ ಚಪ್ಪಾಳೆ ತಟ್ಟಿತು. ಅಂದಿನ ಸಭೆಯಲ್ಲಿ ಯಾರೂ ತಕರಾರು ಎತ್ತದೆ ಒಪ್ಪಿಕೊಂಡ ಮಾತು ಅದೊಂದೇ.

ನಾನು ಬರೆಯಬೇಕೆಂದಿರುವುದು ಈ ಅತ್ತಿಗೆಯ ಬಗ್ಗೆ. ನನ್ನ ಅಣ್ಣನ ಹೆಂಡತಿ. ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದ ಹಿರಿಯ ನರ್ಸ್. ಊರಿಗೆಲ್ಲ ಅವರು ಸಿಸ್ಟರ್. ಅಣ್ಣನಿಗೂ ಸಿಟ್ಟು ಬಂದಾಗ ಸಿಸ್ಟರ್. ಆ ದಿನ ಅವರು ಪುದೀನ ಮೂಸಲು ಬಂದವರಲ್ಲ. ಎದೆಯಲ್ಲಿ ಒಂದು ಮಾತು ಇಟ್ಟುಕೊಂಡು ಬಂದಿದ್ದರು. ಆ ಮಾತು ಆಡಿದರೆ ಅವರ ಒಬ್ಬನೇ ಮಗನ ಕೆಲಸ ಹೋಗಬಹುದಿತ್ತು, ಮನೆ ಬಾಗಿಲಿಗೆ ಪೊಲೀಸರು ಬರಬಹುದಿತ್ತು. ಆಡದಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಅವರು ತಮ್ಮ ವಾರ್ಡಿನಲ್ಲಿ ಕಣ್ಣಾರೆ ನೋಡಿದ್ದರು.

ಅತ್ತಿಗೆಯ ಕೆಲಸದ ರೀತಿ ಗೊತ್ತಾಗದೆ ಉಳಿದದ್ದು ಅರ್ಥವಾಗುವುದಿಲ್ಲ. ತುರ್ತು ವಿಭಾಗಕ್ಕೆ ಬರುವ ರೋಗಿ ಒಬ್ಬನೇ ಬರುವುದಿಲ್ಲ. ಜೊತೆಗೆ ಅಮ್ಮ, ಅಪ್ಪ, ಮಾವ, ಪಕ್ಕದ ಮನೆಯವರು, ಪಕ್ಕದ ಮನೆಯವರ ಅಭಿಪ್ರಾಯ ಎಲ್ಲ ಬರುತ್ತವೆ. ಡಾಕ್ಟರು ರೋಗಿಯನ್ನು ಕೇಳಿದರೆ ಉತ್ತರ ಅಮ್ಮನ ಬಾಯಿಂದ ಬರುತ್ತದೆ. "ಏನು ತಗೊಂಡಿದ್ದೆ?" ಎಂದರೆ "ಏನೂ ಇಲ್ಲ ಡಾಕ್ಟ್ರೇ, ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿಲ್ಲ ನಮ್ಮ ಹುಡುಗ." ಹುಡುಗ ಛಾವಣಿ ನೋಡುತ್ತಿರುತ್ತಾನೆ.

ಅತ್ತಿಗೆ ಇದಕ್ಕೆ ಕಂಡುಕೊಂಡ ಉಪಾಯ ಬಾಚಣಿಗೆ. ತಾಯಿಯ ಹೆಗಲ ಮೇಲೆ ಕೈಯಿಟ್ಟು, "ಅಮ್ಮಾ, ನಿಮ್ಮ ಮಗನಿಗೆ ಒಂದು ಬಾಚಣಿಗೆ ತರ್ತೀರಾ? ಗೇಟಿನ ಎದುರು ಅಂಗಡಿ ಇದೆ. ತುಂಬಾ ಅಗತ್ಯ" ಎನ್ನುತ್ತಾರೆ. ವಾಂತಿ, ಜ್ವರ, ಮೂರ್ಛೆ ಯಾವುದಕ್ಕೂ ಬಾಚಣಿಗೆಯ ಅಗತ್ಯವಿಲ್ಲ. ಆದರೆ ನರ್ಸಮ್ಮ ಇಷ್ಟು ಗಂಭೀರವಾಗಿ ಹೇಳಿದ ಮೇಲೆ ಯಾರು ತಾನೇ ಎದುರಾಡುತ್ತಾರೆ? ಓಡುತ್ತಾರೆ. ಅವರು ಹೋದದ್ದೇ ತಡ, ಅತ್ತಿಗೆ ಪರದೆ ಎಳೆದು, ರೋಗಿಯ ಮುಖ ನೋಡದೆ ಡ್ರಿಪ್ಪಿನ ಬಾಟಲಿ ನೋಡುತ್ತಾ ಕೇಳುತ್ತಾರೆ: "ಈಗ ಹೇಳು. ಏನು? ಎಷ್ಟು ಹೊತ್ತಿಗೆ?" ಯಾಕೆ ಎಂದು ಮಾತ್ರ ಕೇಳುವುದಿಲ್ಲ. ಯಾಕೆ ಅಂತ ಕೇಳಿದರೆ ಕಥೆ ಶುರುವಾಗುತ್ತದಂತೆ, ಅಷ್ಟರಲ್ಲಿ ಬಾಚಣಿಗೆ ಬಂದುಬಿಡುತ್ತದಂತೆ. ಹುಡುಗಿಯರು ನುಂಗಿದ ಮಾತ್ರೆ, ಗಂಡಸರು ಕುಡಿದ ಸಾರಾಯಿ, ಮುದುಕರು ಕದ್ದು ತಿಂದ ಸಿಹಿ, ಎಲ್ಲವೂ ಆ ಪರದೆಯ ಹಿಂದೆ ಬಾಯಿಬಿಟ್ಟಿವೆ. ವಾರ್ಡಿನ ಕಪಾಟಿನಲ್ಲಿ ರೋಗಿಗಳು ಬಿಟ್ಟುಹೋದ ಬಾಚಣಿಗೆಗಳ ರಾಶಿಯೇ ಇದೆ. ಗೇಟಿನ ಎದುರಿನ ಅಂಗಡಿಯವನು ಅತ್ತಿಗೆ ರಜೆ ಹಾಕಿದ ದಿನ ಮುಖ ಸಣ್ಣ ಮಾಡಿಕೊಂಡು ಕೂತಿರುತ್ತಾನೆ.

ಹೀಗೆ ಊರಿನ ಬಾಯಿ ಬಿಡಿಸಿದ ಅತ್ತಿಗೆಗೆ ತಮ್ಮ ಮನೆಯೊಳಗಿನ ಒಂದು ಬಾಯಿ ಬಿಡಿಸಲು ಆಗಲಿಲ್ಲ.

ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಅಣ್ಣನ ಸಂಸಾರ ಕೆಳಗೆ, ನಾವು ಮೇಲೆ. ಕೆಳಗಿನ ಬಚ್ಚಲು, ಅದರ ನೀರು ಕಾಯಿಸುವ ಬಾಯ್ಲರ್ ಮಾತ್ರ ಎರಡಕ್ಕೂ ಸೇರಿ ಒಂದೇ. ಒಂದು ಕಾಲದಲ್ಲಿ ಆ ಬಾಯ್ಲರಿಗೆ ಏನೋ ಆಯಿತು. ನಾನು ಯಾವಾಗ ಸ್ನಾನಕ್ಕೆ ಹೋದರೂ ನಲ್ಲಿಯಲ್ಲಿ ತಣ್ಣೀರು. ಗಣಿತದ ಮೇಷ್ಟರಾದ ಅಣ್ಣ ಬಾಯ್ಲರಿನ ಅಳತೆ, ಮನೆಯವರ ಸಂಖ್ಯೆ ಎಲ್ಲ ಹಾಕಿ ಲೆಕ್ಕ ಮಾಡಿ, "ನೀರು ಸಾಕಾಗಲೇಬೇಕು" ಎಂದು ಸಾಧಿಸಿ ತೋರಿಸಿದ. ನೀರು ಮಾತ್ರ ಆ ಲೆಕ್ಕವನ್ನು ಓದಿರಲಿಲ್ಲ. ರಿಪೇರಿಯವನು ಬಂದು ಕಾಯಿಲ್ ಬದಲಿಸಿದ. ಮತ್ತೆ ಬಂದು ಇನ್ನೇನೋ ಬದಲಿಸಿದ. ಕೊನೆಗೆ, "ಸಾರ್, ಇದರಲ್ಲಿ ಇನ್ನು ಬದಲಿಸೋಕೆ ಉಳಿದಿರೋದು ಮನೆಯವರನ್ನೇ" ಎಂದು ಕೈಮುಗಿದು ಹೋದ.

ಅವನು ಹೇಳಿದ್ದೇ ನಿಜ. ನೀರನ್ನೆಲ್ಲ ಖಾಲಿ ಮಾಡುತ್ತಿದ್ದವನು ಅಣ್ಣನ ಮಗ. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ಬಾವಿಯಂಥ ಕತ್ತಲಲ್ಲಿ ಹಗ್ಗ ಕಟ್ಟಿಕೊಂಡು ಇಳಿಯುವ ಕೆಲಸ. ಅವನು ಬಚ್ಚಲು ಹೊಕ್ಕರೆ ಹೊರಗೆ ಬರುತ್ತಿರಲಿಲ್ಲ. ಸುಡುಸುಡು ನೀರಿನ ಕೆಳಗೆ ಗಂಟೆಗಟ್ಟಲೆ ನಿಲ್ಲುತ್ತಿದ್ದ. ನಾನು ಅವನಿಗೆ ಜಲಚರ ಎಂದು ಹೆಸರಿಟ್ಟೆ. ಬಾಗಿಲು ತಟ್ಟಿ, "ಏನೋ ಜಲಚರ, ಕಿವಿರು ಬಂತೇನೋ?" ಎಂದರೆ ಒಳಗಿಂದ "ಬಂದೆ ಚಿಕ್ಕಪ್ಪಾ" ಎಂದು ಸಣ್ಣ ದನಿ ಬರುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಹಾಸ್ಯ ಬರೆಯುವವನ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಮೊದಲು ಅಡ್ಡಹೆಸರು ಬರುತ್ತದೆ, ಆಮೇಲೆ ಡಾಕ್ಟರು.

ಯಾಕೆಂದರೆ ಅದು ಕಾಯಿಲೆಯಾಗಿತ್ತು. ಹುಡುಗ ವಾಂತಿ ಮಾಡುತ್ತಿದ್ದ. ಕೆಲವು ವಾರ ಚೆನ್ನಾಗಿರುತ್ತಿದ್ದ, ಮತ್ತೆ ಶುರು. ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿಯುವಷ್ಟು. ಬಿಸಿನೀರಿನ ಕೆಳಗೆ ನಿಂತಷ್ಟು ಹೊತ್ತು ಮಾತ್ರ ಆರಾಮ. ಕೆನ್ನೆ ಒಳಗೆ ಹೋಯಿತು, ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು. ರಕ್ತ ನೋಡಿದರು, ಗಂಟಲಿಗೆ ನಳಿಗೆ ಇಳಿಸಿ ಹೊಟ್ಟೆ ನೋಡಿದರು. ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಾಗಿರುವ ಹುಡುಗ ಮತ್ತೆ ಬಕೆಟ್ ತಬ್ಬಿಕೊಂಡ. ಪ್ರತಿ ಡಾಕ್ಟರೂ ಕೇಳುತ್ತಿದ್ದರು, "ಸಿಗರೇಟು, ಕುಡಿತ, ಬೇರೆ ಏನಾದ್ರೂ?" ಅವನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತ ಅತ್ತಿಗೆ ಉತ್ತರ ಕೊಡುತ್ತಿದ್ದರು: "ನಮ್ಮ ಹುಡುಗ ಅಂಥವನಲ್ಲ."

ಕೊನೆಗೊಂದು ಸಂಜೆ ಅವನನ್ನು ಅತ್ತಿಗೆಯ ವಾರ್ಡಿಗೇ ತಂದದ್ದಾಯಿತು. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕೆಲಸಕ್ಕೆ ಸೇರಿದಂದಿನಿಂದ ಅತ್ತಿಗೆಯ ಜೊತೆಗೇ ಪಳಗಿದವರು. ಹುಡುಗನನ್ನು ನೋಡಿದರು. ಬಿಸಿನೀರಿನ ವಿಷಯ ಕೇಳಿಸಿಕೊಂಡರು. ಆಮೇಲೆ ಅತ್ತಿಗೆಯ ಹೆಗಲ ಮೇಲೆ ಕೈಯಿಟ್ಟರು.

"ಸಿಸ್ಟರ್, ನಿಮ್ಮ ಮಗನಿಗೆ ಒಂದು ಬಾಚಣಿಗೆ ತರ್ತೀರಾ? ತುಂಬಾ ಅಗತ್ಯ."

ಅತ್ತಿಗೆ ಡಾಕ್ಟರಮ್ಮನ ಮುಖ ನೋಡಿದರಂತೆ. ಮಗನ ಮುಖ ನೋಡಿದರಂತೆ; ಅವನು ಛಾವಣಿ ನೋಡುತ್ತಿದ್ದ. ಕಪಾಟಿನಲ್ಲಿ ರಾಶಿ ಬಾಚಣಿಗೆ ಇತ್ತು. ಅವರು ಅದನ್ನು ಮುಟ್ಟದೆ, ಪರದೆಯನ್ನು ತಾವೇ ಎಳೆದು, ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನ ಎದುರಿನ ಅಂಗಡಿಗೆ ನಡೆದುಹೋದರು. ಅಂಗಡಿಯವನು "ಏನು ಸಿಸ್ಟರ್, ಇವತ್ತು ನೀವೇ ಬಂದ್ರಿ?" ಎಂದ. ಅತ್ತಿಗೆ ಒಂದೊಂದೇ ಬಾಚಣಿಗೆ ಎತ್ತಿ ಹಲ್ಲು ಸವರಿ ನೋಡುತ್ತಾ ತುಂಬ ಹೊತ್ತು ನಿಂತಿದ್ದರು ಎಂದು ಅವನೇ ಆಮೇಲೆ ನನಗೆ ಹೇಳಿದ. ಬೇರೆ ತಾಯಂದಿರ ಬಾಯಿ ಮುಚ್ಚಿಸುವುದು ಸುಲಭ. ತನ್ನ ಬಾಯಿಯಿಂದಲೇ ಮಗನ ಬಾಯಿ ಮುಚ್ಚಿದೆ ಎಂದು ಗೊತ್ತಾದ ಗಳಿಗೆಯಲ್ಲಿ, ಸುಮ್ಮನೆ ಹೋಗಿ ಬಾಚಣಿಗೆ ಆರಿಸಲು ಬೇರೆ ಥರದ ಗುಂಡಿಗೆ ಬೇಕು. ನಾನಾಗಿದ್ದರೆ ಪರದೆಯ ಹೊರಗೆ ಕಿವಿಯಿಟ್ಟು ನಿಂತಿರುತ್ತಿದ್ದೆ, ಸೀನಿ ಸಿಕ್ಕಿಬೀಳುತ್ತಿದ್ದೆ.

ಅವರು ವಾಪಸು ಬಂದಾಗ ಡಾಕ್ಟರಮ್ಮ "ಅವನೇ ಹೇಳ್ತಾನೆ" ಎಂದು ಹೊರಗೆ ಹೋದರು. ಹುಡುಗ ಬಾಚಣಿಗೆ ತೆಗೆದುಕೊಂಡು ತಲೆ ಬಾಚುತ್ತಾ ಹೇಳಿದ. ಇದನ್ನು ನನಗೆ ತಿಳಿಸಿದವನು ಜಲಚರನೇ.

"ಅಮ್ಮ, ನಾನು ಗಾಂಜಾ ಸೇದ್ತೀನಿ."

"ದಿನಾನಾ?"

"ದಿನಾ. ಕೆಲಸಕ್ಕೆ ಸೇರಿದ ಮೇಲೆ ಶುರುವಾಯ್ತು."

"ಕೊನೇ ಸಲ ಯಾವಾಗ?"

"ನಿನ್ನೆ. ವಾಂತಿ ನಿಲ್ಲುತ್ತೆ ಅಂತ ಫ್ರೆಂಡ್ಸ್ ಹೇಳಿದ್ರು. ಅದಕ್ಕೇ ಜಾಸ್ತಿ ಸೇದಿದೆ."

ಅತ್ತಿಗೆ ಡ್ರಿಪ್ಪಿನ ಬಾಟಲಿ ನೋಡುತ್ತಿದ್ದರಂತೆ. ಯಾಕೆ ಎಂದು ಕೇಳಲಿಲ್ಲ. "ಬೈತಲೆ ಸೊಟ್ಟಗಿದೆ, ಸರಿ ಮಾಡ್ಕೋ" ಎಂದರು.

ಡಾಕ್ಟರಮ್ಮ ವಿವರಿಸಿದ್ದು ಇಷ್ಟು: ವರ್ಷಗಟ್ಟಲೆ ದಿನಾ ಸೇದುವವರಲ್ಲಿ ಕೆಲವರಿಗೆ ಹೀಗಾಗುತ್ತದೆ. ವಾಂತಿಗೆ ಕೊಡುವ ಮಾಮೂಲಿ ಔಷಧಿ ಸರಿಯಾಗಿ ಹಿಡಿಯುವುದಿಲ್ಲ, ಬಿಸಿನೀರು ಸ್ವಲ್ಪ ಹೊತ್ತು ಸಮಾಧಾನ ಕೊಡುತ್ತದೆ. ಸೇದುವುದನ್ನು ಪೂರ್ತಿ ಬಿಟ್ಟರೆ ನಿಧಾನಕ್ಕೆ ವಾಸಿಯಾಗುತ್ತದೆ. ಬಿಡದಿದ್ದರೆ, ದೇಹದ ನೀರೆಲ್ಲ ಬತ್ತಿ ಒಂದು ದಿನ ಕಿಡ್ನಿಗೆ ಹೊಡೆತ ಬೀಳಬಹುದು. "ಇದನ್ನ ಮೊದಲನೇ ದಿನವೇ ಹೇಳಿದ್ರೆ ಆ ನಳಿಗೆ, ಆ ಸೂಜಿ ಏನೂ ಬೇಕಿರಲಿಲ್ಲ" ಎಂದರಂತೆ. ಹುಡುಗ ಹೇಳಿದ, "ಕೇಸಾಗುತ್ತೆ ಅಂತ ಹೆದರಿದ್ದೆ. ಪೊಲೀಸ್ ಕೇಸಿದ್ರೆ ಕಂಪನಿ ಅವತ್ತೇ ಮನೆಗೆ ಕಳ್ಸುತ್ತೆ." ಅದು ಸುಳ್ಳೇನಲ್ಲ. ನಮ್ಮ ಕಾನೂನಿನಲ್ಲಿ ಒಂದು ಚಿಟಿಕೆ ಇದ್ದರೂ ಅಪರಾಧವೇ.

ಹುಡುಗ ಬಿಡಲು ಹೊರಟ. ಹೊಟ್ಟೆ ಸರಿಯಿಲ್ಲ ಎಂದು, ನಿಜವನ್ನೇ ಹೇಳಿ, ಲಿಫ್ಟಿನ ಬಾವಿಗೆ ಇಳಿಯುವ ಕೆಲಸದಿಂದ ಬಿಡಿಭಾಗಗಳ ಗೋಡೌನಿಗೆ ಹಾಕಿಸಿಕೊಂಡ. ಅದು ಅತ್ತಿಗೆಯ ಷರತ್ತು. ನಿದ್ದೆ ಇಲ್ಲ, ಸಿಡಿಮಿಡಿ, ಊಟ ಸೇರದು. ಕೆಲವು ದಿನ ಬಿಸಿನೀರು ಉಳಿಯಿತು. ಒಂದು ಬೆಳಿಗ್ಗೆ ಮತ್ತೆ ತಣ್ಣೀರು. ಅಣ್ಣ ಬಾಯ್ಲರನ್ನು ನೋಡಲು ಎದ್ದ. ಅತ್ತಿಗೆ "ಕೂತ್ಕೊಳ್ಳಿ, ಬಾಯ್ಲರ್ ಸರಿಯಾಗೇ ಇದೆ" ಎಂದು, ಬಚ್ಚಲ ಬಾಗಿಲಿಗೆ ಒಂದು ಒಣ ಟವೆಲು ನೇತುಹಾಕಿ, ಡ್ಯೂಟಿಗೆ ಹೋದರು. ಹಿಂದಿನ ರಾತ್ರಿ ಮತ್ತೆ ಸೇದಿದ್ದ ಹುಡುಗ ಹೊರಗೆ ಬಂದು ಆ ಟವೆಲಿನಲ್ಲೇ ಮುಖ ಒರೆಸಿಕೊಂಡ. ಮರುದಿನದಿಂದ ಮತ್ತೆ ಬಿಡಲು ಶುರು ಮಾಡಿದ.

ಇಷ್ಟರಲ್ಲಿ ಅದೇ ವಾರ್ಡಿಗೆ ಇನ್ನೊಬ್ಬ ಹುಡುಗ ಬಂದ. ಅದೇ ವಾಂತಿ, ಅದೇ ಬಿಸಿನೀರಿನ ಹುಚ್ಚು, ಪಕ್ಕದಲ್ಲಿ ತಾಯಿ: "ನಮ್ಮ ಹುಡುಗ ಅಂಥವನಲ್ಲ." ಅತ್ತಿಗೆ ಬಾಚಣಿಗೆಗೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಯಾವುದೋ ಅಪಘಾತದ ವಿಚಾರಣೆಗೆ ಇನ್ಸ್‌ಪೆಕ್ಟರರು ಮೊಗಸಾಲೆಗೆ ಬಂದರು. ಖಾಕಿ ಕಂಡದ್ದೇ ಆ ಹುಡುಗ ಡ್ರಿಪ್ಪಿನ ಸೂಜಿ ಕೈಯಲ್ಲಿದ್ದ ಹಾಗೇ ಹಿಂದಿನ ಬಾಗಿಲಿಂದ ಓಡಿಹೋದ. ತಾಯಿಯೂ ಓಡಿದಳು. ಅತ್ತಿಗೆ ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಆಗ ಬಂದದ್ದು ಈ ಸಭೆ. ಸಣ್ಣ ಪ್ರಮಾಣದಲ್ಲಿ ಗಾಂಜಾ ಇಟ್ಟುಕೊಂಡವರನ್ನು ಠಾಣೆಗಲ್ಲ, ಆಸ್ಪತ್ರೆಗೆ ಕಳಿಸುವಂತೆ ಕಾನೂನು ಬದಲಿಸಬಹುದೇ ಎಂದು ಜನಾಭಿಪ್ರಾಯ ಕೇಳಲು ಸರ್ಕಾರದ ಸಮಿತಿ ನಮ್ಮೂರಿನ ಲೈಬ್ರರಿ ಹಾಲಿಗೆ ಬರುವುದಿತ್ತು. ಚರ್ಚೆ ನಡೆಸಿಕೊಡಲು ನನ್ನನ್ನು ಕರೆದಿದ್ದರು. ನನಗೆ ಯಾವ ವಿಷಯದಲ್ಲೂ ಗಟ್ಟಿ ಅಭಿಪ್ರಾಯ ಇಲ್ಲ ಎಂದು ಎರಡೂ ಪಕ್ಷದವರು ಒಪ್ಪಿದ್ದರು.

ಅಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅತ್ತಿಗೆ, "ನಾನೂ ಮಾತಾಡ್ತೀನಿ" ಎಂದರು. ಅಣ್ಣ ಚಮಚವನ್ನು ತಟ್ಟೆಗೆ ಕುಕ್ಕಿದ.

"ನಿಂಗೆ ತಲೆ ಸರಿ ಇದೆಯಾ? ಇವನ ಕೆಲಸ ಹೋದ್ರೆ? ಆ ಇನ್ಸ್‌ಪೆಕ್ಟರು ಅಲ್ಲೇ ಕೂತಿರ್ತಾನೆ."

"ಅದಕ್ಕೇ ಇವನನ್ನ ಕೇಳ್ತಾ ಇದ್ದೀನಿ" ಎಂದು ಅತ್ತಿಗೆ ಮಗನತ್ತ ತಿರುಗಿದರು. "ನೀನು ಬೇಡ ಅಂದ್ರೆ ಇಲ್ಲ."

ಜಲಚರ ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ಹೇಳಮ್ಮ. ಆದ್ರೆ ಅಳೋದು ಗಿಳೋದು ಬೇಡ."

"ನಾನು ಯಾವತ್ತು ಅತ್ತಿದ್ದೀನೋ?"

"ನೀನಲ್ಲ. ಚಿಕ್ಕಪ್ಪ."

ಸಭೆಯಲ್ಲಿ ಪುದೀನ ಪ್ರಕರಣ ಮುಗಿದ ಮೇಲೆ ಮೊದಲು ಕಾನೂನು ಬದಲಾಗಲಿ ಎನ್ನುವ ಪಕ್ಷದ ವಕೀಲರು ಎದ್ದರು. ಒಂದು ಚಿಟಿಕೆಗೆ ಒಂದು ಜೀವನ ಹಾಳಾಗುತ್ತಿದೆ ಎಂದರು. ಅದು ಸರಿಯೇ. ಆಮೇಲೆ ಹುರುಪು ಏರಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಾಂತಿ ತಡೆಯಲು ಇದರಿಂದ ಮಾಡಿದ ಔಷಧಿ ಕೊಡುತ್ತಾರೆ, ಆದ್ದರಿಂದ ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದರು. ಬದಲಾಗಬಾರದು ಎನ್ನುವ ಪಕ್ಷದ ನಿವೃತ್ತ ಪ್ರಿನ್ಸಿಪಾಲರು ಎದ್ದು, ಒಂದು ದಮ್ಮು ಎಳೆದವನು ನೇರ ಹುಚ್ಚಾಸ್ಪತ್ರೆಗೆ ಎಂದೂ, "ಹೆದರಿಕೆಯೇ ಇದಕ್ಕೆ ಮದ್ದು" ಎಂದೂ ಮೇಜು ಗುದ್ದಿದರು. ಉಳಿದಿದ್ದ ಪುದೀನವೂ ಹಾರಿತು. ಸಮಿತಿಯವರು ಆಕಳಿಸಿದರು.

"ಸಭಿಕರಲ್ಲಿ ಯಾರಾದರೂ...?" ಎಂದೆ. ಅತ್ತಿಗೆ ಎದ್ದರು. ಕೊನೆಯ ಸಾಲಿನತ್ತ ಒಮ್ಮೆ ನೋಡಿದರು. ಅಲ್ಲಿ ಜಲಚರ ಮಡಿಲಲ್ಲಿ ಹೆಲ್ಮೆಟ್ ಇಟ್ಟುಕೊಂಡು ಕೂತಿದ್ದ. ತಲೆಯಾಡಿಸಿದ. ಅತ್ತಿಗೆ ಮೈಕಿಗೆ ಬಂದು, ಮೊದಲ ಸಾಲಿಗೆ ಹೇಳಿದರು:

"ಇನ್ಸ್‌ಪೆಕ್ಟರ್ ಸಾಹೇಬ್ರೇ, ಒಂದು ಬಾಚಣಿಗೆ ಬೇಕಿತ್ತು."

ಇನ್ಸ್‌ಪೆಕ್ಟರರ ತಲೆಯಲ್ಲಿ ಬಾಚುವಂಥದ್ದು ಏನೂ ಉಳಿದಿಲ್ಲ. ಆದರೆ ಅಪಘಾತದ ಕೇಸುಗಳಲ್ಲಿ ಅತ್ತಿಗೆ ಅವರನ್ನೂ ಎಷ್ಟೋ ಸಲ ಆಸ್ಪತ್ರೆಯ ಗೇಟಿನ ಎದುರಿನ ಅಂಗಡಿಗೆ ಅಟ್ಟಿದ್ದರು. ಅವರು ಸ್ವಲ್ಪ ಹೊತ್ತು ಅತ್ತಿಗೆಯನ್ನೇ ನೋಡಿದರು. ನನಗೆ ನೆಗಡಿ ನಿಂತುಹೋಯಿತು. ಆಮೇಲೆ ಬೂಟಿನ ಪುದೀನ ಕೊಡವಿ ಎದ್ದರು.

"ಎಂಥದ್ದು ಬೇಕು ಸಿಸ್ಟರ್?"

"ಹಲ್ಲು ಅಗಲ ಇರೋದು. ಅವಸರ ಏನಿಲ್ಲ."

ಅವರು ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡಿತು. ಅತ್ತಿಗೆ ಸಮಿತಿಯ ಕಡೆ ತಿರುಗಿದರು. "ನಾನು ಹೇಳೋ ಮಾತು ಅವರು ಇದ್ದಾಗ ಹೇಳೋ ಹಾಗಿಲ್ಲ. ನಿಮ್ಮ ಕಾನೂನಿನ ತೊಂದರೆ ಅಷ್ಟೇ" ಎಂದು, ತಮ್ಮ ಮನೆಯ ಕಥೆ ಹೇಳಿದರು. ಬಾಯ್ಲರು, ಬಕೆಟ್ಟು, ಬಾಚಣಿಗೆ, "ನಮ್ಮ ಹುಡುಗ ಅಂಥವನಲ್ಲ" ಎಂದ ತಮ್ಮ ಬಾಯಿ, ಯಾವುದನ್ನೂ ಬಿಡಲಿಲ್ಲ. ಡ್ಯೂಟಿ ಮುಗಿಸುವ ನರ್ಸ್ ಮುಂದಿನವರಿಗೆ ಹ್ಯಾಂಡೋವರ್ ಕೊಡುವ ದನಿಯಲ್ಲೇ ಹೇಳಿದರು. ಯಾರೂ ಆಕಳಿಸಲಿಲ್ಲ.

ವಕೀಲರು ಕುರ್ಚಿಯಿಂದ ಹಾರಿದರು. "ಕೇಳಿದ್ರಾ? ಸಿಸ್ಟರ್ ನಮ್ಮ ಕಡೆ!"

"ನೀವು ಕೂತ್ಕೊಳ್ಳಿ. ಏನೂ ಆಗಲ್ಲ ಅಂದ್ರಲ್ಲ, ಅದನ್ನ ನಂಬಿಯೇ ನನ್ನ ಮಗ ಮೂಳೆ ಚಕ್ಕಳ ಆಗಿದ್ದು."

ಪ್ರಿನ್ಸಿಪಾಲರು ಚಪ್ಪಾಳೆಗೆ ಕೈಯೆತ್ತಿದರು.

"ನೀವೂ ಕೂತ್ಕೊಳ್ಳಿ ಸಾರ್. ಹೆದರಿಕೆ ಮದ್ದು ಅಂದ್ರಿ. ಆ ಮದ್ದು ಅವನಿಗೆ ಸಾಕಷ್ಟು ಬಿದ್ದಿತ್ತು. ಸೇದೋದು ನಿಲ್ಲಲಿಲ್ಲ, ಹೇಳೋದು ನಿಂತಿತು."

ಎತ್ತಿದ ಕೈಗಳಿಂದ ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡರು.

ಆಗ ಗೋಡೆಯ ಪಕ್ಕದಲ್ಲಿ ಒಬ್ಬ ಹೆಂಗಸು ಎದ್ದುನಿಂತಳು. ಸೂಜಿಯ ಸಮೇತ ಓಡಿಹೋದ ಹುಡುಗನ ತಾಯಿ. "ಸಿಸ್ಟರ್, ನನ್ನ ಮಗನ್ನ ಕರ್ಕೊಂಡು ಬರ್ಲಾ? ಇನ್ನೂ ವಾಂತಿ ನಿಂತಿಲ್ಲ." ಅತ್ತಿಗೆ, "ಇವತ್ತೇ ಬನ್ನಿ. ಹಿಂದಿನ ಬಾಗಿಲಿಂದ ಬೇಡ, ಮುಂದಿನಿಂದಲೇ ಬನ್ನಿ" ಎಂದರು. ಅವಳ ಹಿಂದೆ ಇನ್ನೊಬ್ಬರು ಎದ್ದರು, ಮತ್ತೊಬ್ಬರು. ಒಬ್ಬ ತಂದೆ ಮಗಳಿಗೆ ಯಾರೂ ಇಲ್ಲದ ಕೋಣೆಯಲ್ಲಿ ದನಿಗಳು ಕೇಳಿಸುತ್ತವೆ ಎಂದ. ಒಬ್ಬ ಮುದುಕ ಪೊಟ್ಟಣದ ಕೇಸಿನಲ್ಲಿ ಕೋರ್ಟು ಅಲೆದು ಮೊಮ್ಮಗನ ಓದೇ ನಿಂತಿತು ಎಂದ. ಸಮಿತಿಯವರು ಪೆನ್ನು ತೆಗೆದರು. ನಾನು ನಡೆಸಿಕೊಡಬೇಕಾದ ಚರ್ಚೆ ನನ್ನ ನೆರವಿಲ್ಲದೆ ಮೊದಲ ಬಾರಿ ನಡೆಯುತ್ತಿತ್ತು. ಕರ್ಚೀಫು ನಿಜಕ್ಕೂ ಬೇಕಾದದ್ದು ಆಗ. ಜಲಚರ ಹಿಂದಿನ ಸಾಲಿನಿಂದ ನನ್ನನ್ನೇ ನೋಡಿ ನಗುತ್ತಿದ್ದ.

ಇನ್ಸ್‌ಪೆಕ್ಟರರು ಸಾಕಷ್ಟು ತಡಮಾಡಿಯೇ ಬಂದರು. ಬಾಗಿಲಲ್ಲಿ ನಿಂತು ಕೆಮ್ಮಿದರು. 

"ತಗೊಳ್ಳಿ ಸಿಸ್ಟರ್. ಈ ಪಕ್ಕದ ಅಂಗಡಿಯವನು ನನ್ನ ತಲೆ ನೋಡಿ, ಯಾರಿಗೆ ಅಂತ ಎರಡೆರಡು ಸಲ ಕೇಳಿದ." ಆಮೇಲೆ ಸುತ್ತ ನೋಡಿದರು. "ನಾನಿಲ್ಲದಾಗ ಏನಾಯ್ತು?"

"ಪುದೀನ ಗುಡಿಸಿದ್ವಿ" ಎಂದರು ಅತ್ತಿಗೆ. ಇನ್ಸ್‌ಪೆಕ್ಟರರು ಮೊದಲ ಸಾಲಿಗೆ ಹೋಗಿ ಮತ್ತೆ ಕಾಲು ಚಾಚಿ ಕೂತರು.

ಆದರೆ ಊರು ಸುಮ್ಮನಿರುತ್ತದೆಯೇ? ಮಾತು ಲಿಫ್ಟ್ ಕಂಪನಿಗೂ ಮುಟ್ಟಿತು. ಸೂಪರ್‌ವೈಸರ್ ಹುಡುಗನನ್ನು ಕರೆಸಿದ.  ಸೂಪರ್‌ವೈಸರ್ ಹೇಳಿದ್ದಿಷ್ಟು: "ಕೇಸಿಲ್ಲ ಅಂದ್ಮೇಲೆ ನಿನ್ನ ತೆಗೆಯೋಕೆ ನನ್ನ ಹತ್ರ ಕಾಗದ ಇಲ್ಲ. ಡಾಕ್ಟರಮ್ಮ ಸರಿ ಅನ್ನೋ ತನಕ ಗೋಡೌನಲ್ಲೇ ಇರು. ಅದಕ್ಕೆ ಮುಂಚೆ ಹಗ್ಗ ಮುಟ್ಟಿದ್ರೆ ನಾನೇ ಕಟ್ ಮಾಡ್ತೀನಿ." ಅತ್ತಿಗೆಗೆ ಈ ಮನುಷ್ಯನ ಮೇಲೆ ಬಹಳ ಗೌರವ ಬಂತು.

ಸಮಿತಿ ಹೋಗಿ ತಿಂಗಳುಗಳಾದವು. ವರದಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಕಾನೂನು ಅದೇ, ವಕೀಲರು ಅವರೇ, ಪ್ರಿನ್ಸಿಪಾಲರ ಮೇಜೂ ಅದೇ. ಮೊನ್ನೆ ಬೆಳಿಗ್ಗೆ ನಾನು ಟವೆಲು ಹೆಗಲಿಗೆ ಹಾಕಿಕೊಂಡು ಕೆಳಗಿಳಿದು ಬಂದೆ. ಜಲಚರ ಆಗತಾನೇ ಸ್ನಾನ ಮುಗಿಸಿ, ಕೆನ್ನೆ ತುಂಬಿಕೊಂಡ ಮುಖ ಹೊತ್ತು, ಮತ್ತೆ ಲಿಫ್ಟಿನ ಬಾವಿಗೆ ಇಳಿಯಲು ಹೊರಟಿದ್ದ. ಅತ್ತಿಗೆ ಶೂ ಲೇಸು ಕಟ್ಟುತ್ತಿದ್ದರು. ಅವರ ಬಗ್ಗೆ ಒಂದು ಲೇಖನ ಬರೆಯಬೇಕು, ಕೊನೆಗೊಂದು ದೊಡ್ಡ ಮಾತು ಬೇಕು ಎಂಬ ಆಸೆಯಿಂದ ಕೇಳಿದೆ:

"ಅತ್ತಿಗೆ, ಅಷ್ಟು ಜನರ ಮುಂದೆ ಅಷ್ಟೆಲ್ಲ ಹೇಳಿದ್ರಿ. ವರದಿ ಬರಲಿಲ್ಲ, ಕಾನೂನು ಅಲುಗಾಡಲಿಲ್ಲ. ಕೊನೆಗೆ ನಮಗೆ ಸಿಕ್ಕಿದ್ದಾದರೂ ಏನು?"

ಅತ್ತಿಗೆ ಬಚ್ಚಲಿಗೆ ಕೈಚಾಚಿ ನಲ್ಲಿ ತಿರುಗಿಸಿ, ಬೆರಳು ಹಿಡಿದು ನೋಡಿ, ನಿಲ್ಲಿಸಿದರು.

"ಬಿಸಿನೀರು. ಹೋಗು, ಸ್ನಾನ ಮಾಡು."